ಕಂಪಲಾಪುರದ ಮೇಸ್ತ್ರಿಯ ವಿಭೂತಿ

ಮೊನ್ನೆ ಹಳೆಯ ಟೂಲ್ ಬಾಕ್ಸ್ ತೊಳೆಯೋಣವೆಂದು ಅಂಗಳಕ್ಕೆ ಎಳೆದೆ. ಸ್ಪ್ಯಾನರುಗಳ ಅಡಿಯಲ್ಲಿ ಒಂದು ಬಟ್ಟೆಗಂಟು ಸಿಕ್ಕಿತು. ಬಿಚ್ಚಿದರೆ ಅರ್ಧ ಸವೆದ ವಿಭೂತಿ ಗಟ್ಟಿ. ಮೂಗಿಗೆ ಹಿಡಿದೆ, ಸೀಮೆಎಣ್ಣೆಯ ವಾಸನೆ ಬಂತು... ಈಗ ರೇಷನ್ ಅಂಗಡಿಯಲ್ಲೂ ಸಿಗದ ವಾಸನೆ. "ದೇವರಮನೆಯದ್ದು ಇಲ್ಲಿಗ್ಯಾಕಮ್ಮ ಬಂತು?" ಎಂದಳು ಮಗಳು. ದೇವರಮನೆಯದ್ದಲ್ಲ, ಟ್ರ್ಯಾಕ್ಟರ್ ಶೆಡ್ಡಿನದ್ದು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

ತೊಂಬತ್ತರ ದಶಕದ ಕೊನೆಯ ಮಾತು. ನಾನೊಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಸಣ್ಣ ವಿಮಾನಗಳ ಎಂಜಿನ್ ನೋಡಿಕೊಳ್ಳುತ್ತಿದ್ದೆ. ಲೈಸೆನ್ಸ್ ಬಂದು ಆರು ತಿಂಗಳಾಗಿರಲಿಲ್ಲ. ಜಂಬ ಮಾತ್ರ ಮೂವತ್ತು ವರ್ಷ ಸರ್ವೀಸ್ ಆದವರಷ್ಟಿತ್ತು. ರಿಪೇರಿಯಾದ ವಿಮಾನ ಹಾರಬಹುದು ಎಂದು ಲಾಗ್‌ಬುಕ್ಕಿನಲ್ಲಿ ನಾನು ಸಹಿ ಹಾಕಬೇಕು. ಹಾಕದಿದ್ದರೆ ಅದು ನೆಲ ಬಿಟ್ಟು ಏಳುವಂತಿಲ್ಲ. ಆ ಸಹಿಯನ್ನು ನಾನು ಬಹಳ ಚೆಂದವಾಗಿ, ಕೊನೆಗೊಂದು ಸುಳಿ ತೆಗೆದು ಹಾಕುತ್ತಿದ್ದೆ.

ಒಂದು ಜನವರಿಯಲ್ಲಿ ನಮ್ಮ ಮುಖ್ಯ ಪೈಲಟ್, ನಾವೆಲ್ಲ ಸಾಹೇಬರು ಅನ್ನುತ್ತಿದ್ದವರು, ಎರಡು ಸೀಟಿನ ವಿಮಾನದಲ್ಲಿ ಒಬ್ಬರೇ ಹೊರಟಿದ್ದರು. ಪಿರಿಯಾಪಟ್ಟಣದ ಕಡೆ ಎಂಜಿನ್ ಕೆಮ್ಮತೊಡಗಿತು. ಕಂಪಲಾಪುರದ ಹತ್ತಿರ ರಾಗಿ ಕುಯ್ದಿದ್ದ ಒಂದು ಹೊಲದಲ್ಲಿ ಇಳಿಸಿಬಿಟ್ಟರು. ಪುಣ್ಯಕ್ಕೆ ಏನೂ ಆಗಲಿಲ್ಲ. ಮಾರನೆಯ ದಿನ ನಾನು ಜೀಪಿನಲ್ಲಿ ಹೋಗಿ ಎಂಜಿನ್ ಬಿಚ್ಚಿದೆ. ಸುತ್ತ ಊರಿಗೆ ಊರೇ ನಿಂತಿತ್ತು. "ಎಂಗ್ಸು ರಿಪೇರಿ ಮಾಡ್ತದಂತೆ ಕಣ್ಲಾ" ಎಂದು ಯಾರೋ ಅಂದದ್ದು ಕೇಳಿಸಿ ಇನ್ನಷ್ಟು ಜೋರಾಗಿ ಸ್ಪ್ಯಾನರ್ ತಿರುಗಿಸಿದೆ. ಒಳಗೆ ರಾಕರ್ ಆರ್ಮ್ ಮುರಿದಿತ್ತು. ಎಂಜಿನ್ನಿನ ವಾಲ್ವನ್ನು ಒತ್ತಿ ತೆರೆಯುವ ಉಕ್ಕಿನ ತುಂಡು ಅದು, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು.

ಎರಡು ದಿನದಲ್ಲಿ ಹೊಸದು ಬಂತು. ಸೀಲ್ ಮಾಡಿದ ಡಬ್ಬಿಯಲ್ಲಿ ಎರಡು ತುಂಡು, ಜೊತೆಗೆ ಸರ್ಟಿಫಿಕೇಟು. ಅಷ್ಟರಲ್ಲಿ ಊರಿನವರು ಕಣದ ರೋಣಗಲ್ಲು ತಂದು, ಎತ್ತು ಕಟ್ಟಿ, ಕೂಳೆಯ ಮೇಲೆಲ್ಲ ಉರುಳಿಸಿ ವಿಮಾನಕ್ಕೆ ದಾರಿ ಮಾಡಿಟ್ಟಿದ್ದರು. ಸಾಹೇಬರು ಮಧ್ಯಾಹ್ನವೇ ಹಾರುವವರು. ಹೊಲದ ಧೂಳಿನಲ್ಲಿ ಸಾಮಾನು ತೊಳೆಯಲಾಗದೆ ನಾನು ರಸ್ತೆ ಬದಿಯ ಟ್ರ್ಯಾಕ್ಟರ್ ಶೆಡ್ಡಿಗೆ ಹೋದೆ.

ಅಲ್ಲಿದ್ದವರೇ ಮೇಸ್ತ್ರಿ. ಐವತ್ತು ದಾಟಿದ ಕಡ್ಡಿ ದೇಹ, ಗ್ರೀಸ್ ಮೆತ್ತಿದ ಪಂಚೆ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಟಬ್ಬು ಕೊಟ್ಟರು, ಕೂರಲು ಮಣೆ ಕೊಟ್ಟರು. ನಾನು ತೊಳೆದು ಮುಗಿಸುವುದರೊಳಗೆ ಹೊಸ ತುಂಡೆರಡನ್ನೂ ಎತ್ತಿ ಸೀಮೆಎಣ್ಣೆಯ ಡಬ್ಬಕ್ಕೆ ಹಾಕಿಬಿಟ್ಟರು.

"ಮೇಸ್ತ್ರಿ, ಅದು ಹೊಸದು!" ಎಂದು ಕೂಗಿದೆ.

"ಗೊತ್ತು ಕಣವ್ವ. ನಮ್ ಶೆಡ್ಡಲ್ಲಿ ಒಸ್ದಾದ್ರೂ ಅಷ್ಟೇಯ, ಅಳೇದಾದ್ರೂ ಅಷ್ಟೇಯ. ಎಣ್ಣೆ ಕುಡೀದೆ ಗಾಡಿ ಅತ್ತಕಿಲ್ಲ."

ಒಂದಿಷ್ಟು ಹೊತ್ತು ನೆನೆಯಲು ಬಿಟ್ಟು ಹೊರತೆಗೆದು, ಬಟ್ಟೆಯಲ್ಲಿ ಒಣಗುವಂತೆ ಒರೆಸಿದರು. ಆಮೇಲೆ ಗೂಡಿನಿಂದ ವಿಭೂತಿ ಗಟ್ಟಿ ತೆಗೆದು, ಪುಡಿ ಮಾಡಿ, ಎರಡಕ್ಕೂ ಬೆಳ್ಳಗೆ ಬಳಿದರು. ನನಗೆ ನಗು ತಡೆಯಲಾಗಲಿಲ್ಲ. ಪೂಜೆ ಮಾಡುತ್ತಿದ್ದಾರೆ ಅಂದುಕೊಂಡೆ. "ಕುಂಕುಮಾನೂ ಇಟ್ಟು ಕಾಯಿ ಒಡೆದುಬಿಡಿ ಮೇಸ್ತ್ರಿ" ಎಂದೆ.

"ತಾಳವ್ವ. ಎಲೆಅಡಿಕೆ ಆಕ್ಕೊಳೋಗಂಟ ತಾಳು."

ಅವರು ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟು ಅಗಿಯುತ್ತಾ ಕೂತರು. ನಾನು ಗಡಿಯಾರ ನೋಡುತ್ತಾ ಕೂತೆ. ನೋಡನೋಡುತ್ತಿದ್ದಂತೆ ಬಿಳಿಯ ಮೇಲೆ ಒಂದು ಒದ್ದೆ ಗೆರೆ ಎದ್ದಿತು. ಕೂದಲೆಳೆಯಷ್ಟು, ಕಪ್ಪಗೆ. ಇನ್ನೊಂದು ತುಂಡಿನಲ್ಲೂ ಅದೇ ಜಾಗದಲ್ಲಿ ಅಂಥದ್ದೇ ಗೆರೆ. ಮೇಸ್ತ್ರಿ ನಾನು ತಂದಿದ್ದ ಸಾಮಾನಿನೊಳಗಿಂದ ಮುರಿದ ತುಂಡನ್ನು ಎತ್ತಿ ಪಕ್ಕದಲ್ಲಿಟ್ಟರು. ಅದು ಮುರಿದದ್ದೂ ಸರಿಯಾಗಿ ಅಲ್ಲೇ.

ಬಿರುಕಿನೊಳಗೆ ಇಳಿದ ಎಣ್ಣೆ ಒರೆಸಿದರೆ ಹೋಗುವುದಿಲ್ಲ. ಪುಡಿ ಅದನ್ನು ಹೊರಗೆ ಹೀರುತ್ತದೆ. ಇದೇ ಪರೀಕ್ಷೆಯನ್ನು ಕೆಂಪು ಬಣ್ಣ, ಬಿಳಿ ಪುಡಿ ಎಂದು ಓದಿ, ಪುಟಗಟ್ಟಲೆ ಬರೆದು ಪಾಸಾದವಳು ನಾನು. ಡಬ್ಬಿಗೆ ಸೀಲ್ ಇತ್ತಲ್ಲ ಎಂದು ಮಾಡಿರಲಿಲ್ಲ, ಅಷ್ಟೇ.

"ಸೀಮೆಸುಣ್ಣದ ಪುಡಿ ತರಿತರಿ ಕಣವ್ವ, ಇಬೂತಿ ನುಣ್ಣಗದೆ" ಎಂದರು ಮೇಸ್ತ್ರಿ, ವಿಭೂತಿಯೇ ಯಾಕೆ ಎಂದು ನಾನು ಕೇಳಿದ್ದೆನೋ ಎಂಬಂತೆ. "ಒಸ ಮಡಕೇನೂ ತಟ್ಟಿ ನೋಡೇ ತತ್ತೀವಿ."

ಹೊಲಕ್ಕೆ ಹೋಗಿ ಸಾಹೇಬರಿಗೆ ಹೇಳಿದೆ. ಅವರು ಕೆಂಡವಾದರು. "ಕಂಪನಿ ಸರ್ಟಿಫಿಕೇಟ್ ಕೊಟ್ಟಿದೆ. ಟ್ರ್ಯಾಕ್ಟರ್ ರಿಪೇರಿಯವನ ವಿಭೂತಿ ನೋಡಿ ವಿಮಾನ ನಿಲ್ಲಿಸ್ತೀಯಾ? ಹಾಕು, ಸಹಿ ಮಾಡು. ಹಾರೋನು ನಾನು." ನಿಜ ಹೇಳುತ್ತೇನೆ, ನಾನು ಸೋಲುವುದರಲ್ಲಿದ್ದೆ. ಲಾಗ್‌ಬುಕ್ ತೊಡೆಯ ಮೇಲಿತ್ತು, ಪೆನ್ನಿನ ಮುಚ್ಚಳ ತೆಗೆದಾಗಿತ್ತು. ಕೆಲಸ ಹೋದರೆ ಇನ್ನೊಂದು ಕಡೆ ಯಾರು ಕೊಡುತ್ತಾರೆ ಎಂಬ ಹೆದರಿಕೆ ಬೇರೆ.

ನನ್ನ ಹಿಂದೆಯೇ ಬಂದಿದ್ದ ಮೇಸ್ತ್ರಿ ಮುಂದೆ ಬಂದು ಕೈಮುಗಿದರು. "ಸಾ, ಟ್ರ್ಯಾಕ್ಟರ್ ಕೆಟ್ರೆ ಒಲದಲ್ಲೇ ನಿಂತ್ಕತದೆ. ಇದು ಕೆಟ್ರೆ ಎಲ್ಲಿ ನಿಂತ್ಕತದೆ, ಏಳಿ?"

ನಾನು ಪೆನ್ನಿನ ಮುಚ್ಚಳ ಹಾಕಿದೆ.

ರೆಕ್ಕೆ ಬಿಚ್ಚಿ, ಹುಲ್ಲು ಹಾಸಿದ ಲಾರಿಯಲ್ಲಿ ವಿಮಾನವನ್ನು ಸಾಗಿಸಿದೆವು. ಕ್ಲಬ್ಬಿನ ದಾಸ್ತಾನನ್ನೆಲ್ಲ ಪರೀಕ್ಷಿಸಿದಾಗ ಅಂಥವೇ ಇನ್ನೂ ಸಿಕ್ಕವು. ಉಳಿದ ವಿಮಾನಗಳೂ ತಿಂಗಳುಗಟ್ಟಲೆ ನೆಲ ಕಚ್ಚಿದವು. ಕೊನೆಗೆ ತಯಾರಿಸಿದವರಿಂದಲೇ ಪತ್ರ ಬಂತು: ಆ ಸರಕು ದೋಷದ್ದು, ಯಾರೂ ಬಳಸಬೇಡಿ. ಸಾಹೇಬರು ಅದನ್ನು ಓದಿ, ಎರಡು ಸಲ ಮಡಚಿ ನನ್ನ ಕೈಗಿಟ್ಟರು. "ಅವರಿಗೆ ತೋರಿಸಿ ಬಾ" ಎಂದರು. ಅಲ್ಲಿಯವರೆಗೆ ಮೇಸ್ತ್ರಿಯನ್ನು ಅವರು 'ಅವನು' ಎಂದೇ ಅನ್ನುತ್ತಿದ್ದದ್ದು.

ಶೆಡ್ಡಿಗೆ ಹೋಗಿ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದೆ. "ಈಗ್ ಗೊತ್ತಾಯ್ತಂತಾ ಅವ್ರ್ಗೆ?" ಎಂದು ಮೇಸ್ತ್ರಿ ಮನಸಾರೆ ನಕ್ಕರು. ಆಮೇಲೆ ಕೇಳಿದರು: "ನಿಮ್ ಸಾಹೇಬ್ರು ಚೆನ್ನಾಗವ್ರಾ?"

"ಚೆನ್ನಾಗಿದ್ದಾರೆ."

"ಅಷ್ಟು ಸಾಕು ಬುಡವ್ವ." ಹೊರಡುವಾಗ ಗೂಡಿನಿಂದ ಈ ವಿಭೂತಿ ಗಟ್ಟಿ ತೆಗೆದು ಬಟ್ಟೆಯಲ್ಲಿ ಕಟ್ಟಿಕೊಟ್ಟರು.

ಮತ್ತೆ ಆ ಕಡೆ ಹೋದದ್ದು ಬಹಳ ವರ್ಷಗಳ ಮೇಲೆ. ಶೆಡ್ಡು ಇದ್ದ ಜಾಗದಲ್ಲಿ ಟೈಲ್ಸ್ ಅಂಗಡಿ. ಮೇಸ್ತ್ರಿ ತೀರಿಕೊಂಡು ನಾಲ್ಕು ವರ್ಷವಾಯಿತು ಎಂದರು ಅಂಗಡಿಯವರು. ನನಗೆ ಯಾರೂ ಹೇಳಿರಲಿಲ್ಲ. ಯಾಕೆ ಹೇಳಬೇಕು, ನಾನೇನು ನೆಂಟಳೇ? ಆದರೂ ಜೀಪಿನಲ್ಲಿ ಕೂತು ಅತ್ತೆ.

ಆ ಲಾಗ್‌ಬುಕ್ಕಿನ ಪುಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆ ಸಂಜೆ 'ಬಿಡಿಭಾಗದಲ್ಲಿ ಬಿರುಕು ಕಂಡುಬಂದಿದೆ, ಹಾರಾಟಕ್ಕೆ ಯೋಗ್ಯವಲ್ಲ' ಎಂದು ಬರೆದದ್ದು ನಾನು. ಅದರ ಕೆಳಗೆ 'ಪರೀಕ್ಷಿಸಿದವರು' ಎಂಬಲ್ಲಿ ಸುಳಿ ತೆಗೆದು ಸಹಿ ಹಾಕಿದ್ದೂ ನಾನೇ. ಆ ಜಾಗ ಮೇಸ್ತ್ರಿಯದ್ದಾಗಿತ್ತು. ಅಂದು ಅದು ನನಗೆ ಹೊಳೆಯಲೇ ಇಲ್ಲ.

ಗಂಟನ್ನು ಮತ್ತೆ ಕಟ್ಟಿದೆ. ಮಗಳು ದೇವರಮನೆಯಲ್ಲಿಡಲೇ ಎಂದಳು. ಬೇಡ, ಸ್ಪ್ಯಾನರುಗಳ ಜೊತೆಗೇ ಇಡು ಎಂದೆ.