ಮುಟ್ಟದ ಕಾಗೆ

ನಮ್ಮಪ್ಪ ಹೊಲದಲ್ಲಿ ಜೋಳ ಕಾಯುತ್ತ ಕೂತಿದ್ದ ದಿನ, ಅವನು ಸತ್ತುಹೋದನೆಂದು ನಾನು ಅವನ ತಂಗಿಗೆ ಹೇಳಿದೆ. ತಪ್ಪು ತಿಳಿದು ಹೇಳಿದ್ದಲ್ಲ. ಗೊತ್ತಿದ್ದೇ ಹೇಳಿದೆ. ಅವಳ ಅಳು ನನಗೆ ಬೇಕಾಗಿತ್ತು — ಬರೆದುಕೊಳ್ಳಲು.

ಅವಳು ನೀಲವ್ವ, ನನ್ನ ಸೋದರತ್ತೆ. ಅವಳನ್ನು ತಂಗಡಗಿಯ ಬದಿಯ ಒಂದು ಹಳ್ಳಿಗೆ ಕೊಟ್ಟಿದ್ದರು. ನಮ್ಮೂರು ಇಂಡಿಯ ಕಡೆ. ವಿಜಾಪುರ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಅಂತ ಬಸ್ಸು ಬದಲಿಸುತ್ತ ಹೋದರೆ ಒಂದು ಹಗಲು ಪೂರ್ತಿ ಹಿಡಿಯುತ್ತಿತ್ತು. ಆ ದೂರವೇ ನನ್ನ ಸುಳ್ಳಿಗೆ ಅನುಕೂಲವಾಯಿತು.

ನಾಡು ಒಂದಾಗಿ ಐದಾರು ವರ್ಷವಾಗಿತ್ತು. ನಾನು ಧಾರವಾಡದಲ್ಲಿ ಭಾಷೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದ ಮೊದಲಿಗ ನಾನು. ಹೆಸರಿನ ಮುಂದೆ ಎಂ.ಎ. ಎಂದು ಬರೆದುಕೊಂಡವನೂ ನಾನೇ. ಅದರ ಅಭಿಮಾನ ಇವತ್ತಿಗೂ ಹೋಗಿಲ್ಲ, ಸುಳ್ಳೇಕೆ ಹೇಳಲಿ. ಸತ್ತವರ ಮುಂದೆ ನಮ್ಮ ಹೆಂಗಸರು ಹಾಡಿಕೊಂಡು ಅಳುತ್ತಾರಲ್ಲ, ಅದು ನಾನು ಹಿಡಿದ ವಿಷಯ. ಆ ಮಾತು ಬಾಯಿಪಾಠವೋ, ಇಲ್ಲಾ ದುಃಖದಲ್ಲಿರುವ ಮನಸ್ಸು ಆ ಗಳಿಗೆಯಲ್ಲೇ ಹೊಸದಾಗಿ ಕಟ್ಟುತ್ತದೆಯೋ? ನಮ್ಮ ಗುರುಗಳು ಬಾಯಿಪಾಠವೆನ್ನುತ್ತಿದ್ದರು. ಕಟ್ಟುತ್ತದೆ ಎಂಬುದು ನನ್ನ ಹಟ. “ಹಾಗಾದರೆ ಒಂದು ನಿಜವಾದ ಅಳು ತಂದು ತೋರಿಸಿ” ಎಂದರು.

ಸಾವಿನ ಮನೆಗಳಿಗೆ ಹೋದೆ. ಪ್ಯಾಂಟು ತೊಟ್ಟು ಪೆನ್ಸಿಲು ಹಿಡಿದು ನಿಂತವನನ್ನು ಕಂಡರೆ ಹೆಂಗಸರ ಬಾಯಿ ಕಟ್ಟುತ್ತಿತ್ತು. ಅತ್ತೆಯ ಅಳು ಮಾತ್ರ ಸುತ್ತಲ ಹಳ್ಳಿಗಳಲ್ಲಿ ಹೆಸರಾಗಿತ್ತು. ಯಾರ ಮನೆಯಲ್ಲಿ ಸಾವಾದರೂ ಹೆಣದ ತಲೆಯ ಬಳಿ ಅವಳಿಗೊಂದು ಜಾಗ ಬಿಡುತ್ತಿದ್ದರು. ಬೇಸಿಗೆಯ ರಜೆಯಲ್ಲಿ ಹೋಗಿ, ನನ್ನ ಮುಂದೆ ಒಂದು ಸಲ ಸುಮ್ಮನೆ ಅತ್ತು ತೋರಿಸೆಂದು ಕೇಳಿದೆ.

“ಸತ್ತವರಿಲ್ದ ಅತ್ತರ ಸಾವು ಮನಿ ಹುಡುಕ್ಕೊಂಡ ಬರತೈತೋ” ಎಂದು ಬೈದಳು. ಆಮೇಲೆ ನಕ್ಕಳು. “ಬೀಗರ ಹಾಡ ಬೇಕಾದ್ರ ರಗಡ ಹಾಡತೇನಿ. ನೀ ಮೊದಲ ಮದವಿ ಆಗು. ಗಡ್ಡ ಬೆಳ್ಳಗಾಗೂ ತನಕಾ ಓದಾಂವೇನ?”

ನಾನೂ ನಕ್ಕೆ. ತಿರುಗಿ ಬರುವಾಗ ಬಸ್ಸಿನಲ್ಲಿ ಕಾಗೆಯ ನೆನಪಾಯಿತು.

ನಮ್ಮ ಕಡೆ ಒಂದು ನಂಬಿಕೆಯಿದೆ. ಮನುಷ್ಯನ ತಲೆಗೆ ಕಾಗೆ ಬಡಿದರೆ ಅವನಿಗೆ ಸಾವು ಹತ್ತಿರ ಬಂತೆಂದು ಅರ್ಥ. ಅದನ್ನು ತಪ್ಪಿಸಲು, ಅವನು ಸತ್ತನೆಂದು ಬಳಗದವರಿಗೆ ಸುಳ್ಳು ಸುದ್ದಿ ಮುಟ್ಟಿಸುತ್ತಾರೆ. ಅವರು ಖರೆ ಎಂದು ತಿಳಿದು ಅಳುತ್ತಾರೆ. ಅತ್ತ ಮೇಲೆ ನಿಜ ಹೇಳುತ್ತಾರೆ. ಸಾವಿಗೆ ಸಲ್ಲಬೇಕಾದ ಅಳು ಸಂದಿತು, ಗಂಡಾಂತರ ಕಳೆಯಿತು. ಸುಳ್ಳು ತಂದವನನ್ನು ಯಾರೂ ಬೈಯುವುದಿಲ್ಲ.

ಅಪ್ಪನ ತಲೆಗೆ ಯಾವ ಕಾಗೆಯೂ ಬಡಿದಿರಲಿಲ್ಲ.

ಚಳಿಗಾಲದಲ್ಲಿ ಮತ್ತೆ ಹೋದೆ. ಗಂಡ, ಮಕ್ಕಳು, ಓಣಿಯವರೆಲ್ಲ ಹೊಲಕ್ಕೆ ಹೋಗಿದ್ದರು; ಅತ್ತೆಯೊಬ್ಬಳೇ ಕಟ್ಟೆಯ ಮೇಲೆ ಕೂತು ಸಜ್ಜೆ ಕೇರುತ್ತಿದ್ದಳು. “ಬಾ ತಮ್ಮಾ, ಒಳಗ ಬಾ. ಅಣ್ಣ ಹೆಂಗದಾನ?” ಎಂದಳು. ನಾನು ಅಂಗಳದಲ್ಲೇ ನಿಂತೆ. ಸಾವಿನ ಸುದ್ದಿ ತಂದವನು ಹೊಸ್ತಿಲು ದಾಟುವುದಿಲ್ಲ — ಅದು ಅವಳಿಗೂ ಗೊತ್ತು. ಕೈಯಲ್ಲಿದ್ದ ಮೊರ ನಿಂತಿತು.

“ಅಪ್ಪ ಹ್ವಾದ, ಅತ್ತಿ.”

ಸಜ್ಜೆ ಅಂಗಳದ ತುಂಬ ಚೆಲ್ಲಿತು. ಅವಳು ಎದೆ ಬಡಿದುಕೊಂಡು ಅಳತೊಡಗಿದಳು. ನಾನು ಗೋಡೆಯ ಮರೆಗೆ ಸರಿದು ಬರೆದುಕೊಳ್ಳತೊಡಗಿದೆ. ಪೆನ್ಸಿಲಿನ ಮೊನೆ ಮುರಿದಾಗ ಇನ್ನೊಂದು ತೆಗೆದೆ — ಮುಂಜಾಗ್ರತೆಯಿಂದ ಎರಡು ತಂದಿದ್ದೆ. ಮೊದಲು ಎಲ್ಲರೂ ಹೇಳುವ ಮಾತುಗಳೇ ಬಂದವು: ತವರಿನ ಕಂಬ ಮುರಿಯಿತು, ಪಂಚಮಿಗೆ ಕರೆಯುವವರು ಯಾರು. ಬಾಯಿಪಾಠ. ನನಗೆ ನಿರಾಸೆಯಾಗತೊಡಗಿತ್ತು. ಆಗ ಬಂತು:

“ತೊಡಿ ಮ್ಯಾಲಿನ ಮಗನ್ನ ಮಣ್ಣಾಗಿಡುವಾಗ ನಿನ್ನ ದಾರಿ ನೋಡಿದೆನೋ ಅಣ್ಣಾ, ನಿನ್ನ ಮಗನ ಪರೀಕ್ಷಾ ದೊಡ್ಡದಾತು, ನನ್ನ ಮಗನ ಸಾವು ಸಣ್ಣದಾತೋ ಅಣ್ಣಾ...”

ಅವಳ ಮಗ ಬಸು ಮೂರು ವರ್ಷದವನಿದ್ದಾಗ ಜ್ವರದಲ್ಲಿ ಹೋದ. ಅಪ್ಪ ಮಣ್ಣಿಗೆ ಬರಲಿಲ್ಲ. ಅವತ್ತು ನನ್ನನ್ನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ವಿಜಾಪುರಕ್ಕೆ ಕರೆದುಕೊಂಡು ಹೋಗಿದ್ದ. ಅತ್ತೆ ಅದನ್ನು ಒಂದು ದಿನವೂ ಆಡಿದ್ದು ನಾನು ಕೇಳಿರಲಿಲ್ಲ. ಕೇಳಿದ ಆ ಗಳಿಗೆಯಲ್ಲಿ ನನಗೆ ಅನ್ನಿಸಿದ್ದನ್ನು ಹೇಳಿಬಿಡುತ್ತೇನೆ — ಖುಷಿ. ಇದು ಯಾರೂ ಕಲಿಸಿದ ಮಾತಲ್ಲ, ಈಗ ಕಟ್ಟಿದ್ದು. ನಾನು ಗೆದ್ದೆ ಅನ್ನಿಸಿತು. ಆ ಎರಡು ಸಾಲಿನ ಕೆಳಗೆ ಗೀಟು ಹಾಕಿದೆ.

ಇನ್ನೂ ಏನಾದರೂ ಬಂದೀತೆಂದು, ಅವಳ ದನಿ ಬೀಳುವವರೆಗೂ ಕಾದು, ಆಮೇಲೆ ಕಾಗೆಯ ಮಾತು ಹೇಳಿದೆ. ಅಪ್ಪ ಹೊಲದಲ್ಲಿ ಮಲಗಿದ್ದಾಗ ಬಡಿಯಿತು, ಅವನಿಗೇ ಗೊತ್ತಿಲ್ಲ, ನಾನೊಬ್ಬನೇ ನೋಡಿದೆ, ಅವನ ಮುಂದೆ ಆಡಬೇಡ, ಎದೆಗುಂದುತ್ತಾನೆ ಎಂದೆ. ಅತ್ತೆ ನನ್ನ ಕೆನ್ನೆಗೆ ಒಂದು ಬಾರಿಸಿದಳು. ಮರುಗಳಿಗೆ ಅದೇ ಕೆನ್ನೆ ಸವರಿ, ಒಳಗೆ ಕರೆದು, ಬಿಸಿ ರೊಟ್ಟಿ ಬಡಿದು ಹಾಕಿದಳು.

“ಸತ್ತಾನಂತ ತಿಳದು ಬಸುನ ಮಾತು ಆಡಿಬಿಟ್ಟೆ. ಅಣ್ಣನ ಕಿವಿಗೆ ಹಾಕಬ್ಯಾಡಪಾ. ಬದುಕಿದ್ದವರು ಕೇಳೂ ಮಾತಲ್ಲ ಅವು.”

ಅಪ್ಪನ ಕಿವಿಗೆ ಹಾಕಲಿಲ್ಲ. ಧಾರವಾಡದಲ್ಲಿ ತುಂಬಿದ ಕೋಣೆಯೊಂದರಲ್ಲಿ ಓದಿದೆ. ಗುರುಗಳು ಎದ್ದು ಬಂದು ಕೈ ಕುಲುಕಿದರು. ಮುದ್ದೇಬಿಹಾಳದ ಕಡೆ ಒಂದು ಸಾವಿನ ಮನೆಯಲ್ಲಿ ಸಿಕ್ಕಿತೆಂದು ಅವರಿಗೆ ಹೇಳಿದ್ದೆ. ಪದವಿ ಬಂತು. ವಿಜಾಪುರದಲ್ಲಿ ನೌಕರಿಯೂ ಸಿಕ್ಕಿತು.

ಕೆಲವು ವರ್ಷಗಳ ಮೇಲೆ ಅಪ್ಪ ನಿಜವಾಗಿ ಸತ್ತ.

ಪರೀಕ್ಷೆಯ ಕೆಲಸಕ್ಕೆಂದು ವಿಜಾಪುರಕ್ಕೆ ಬಂದಿದ್ದ ಗುರುಗಳು ಸುದ್ದಿ ತಿಳಿದು ನಮ್ಮೂರಿಗೇ ಬಂದರು. ಹಿಂದೆಯೇ ಅತ್ತೆ ಬಂದಳು. ಹೆಂಗಸರು ಅಳು ನಿಲ್ಲಿಸಿ, ತಲೆಯ ಬಳಿ ಅವಳಿಗೆ ಜಾಗ ಬಿಟ್ಟರು. ಅತ್ತೆ ಕೂತಳು. ಅಣ್ಣನ ಮುಖ ನೋಡಿದಳು. ಬಾಯಿ ತೆರೆದಳು. ಏನೂ ಬರಲಿಲ್ಲ.

ಕಾದು ಕಾದು ನಮ್ಮ ಓಣಿಯ ಮುದುಕಿಯೊಬ್ಬಳು ಅಂದಳು: “ಯಾಕ ನೀಲವ್ವಾ, ಊರ ಹೆಣಕ್ಕೆಲ್ಲಾ ಅತ್ತಾಕಿ, ಒಡಹುಟ್ಟಿದವಗ ಗಂಟಲ ಒಣಗೇತೇನ?”

“ಇವಗ ನಾ ಅತ್ತು ಆಗೇತಿ” ಎಂದಳು ಅತ್ತೆ. “ಕಾಗಿ ಬಡದಾಗ ಎಲ್ಲಾ ಅತ್ತುಬಿಟ್ಟೇನಿ. ಆ ಅಳುವ ಇವನ್ನ ಇಷ್ಟು ವರ್ಷ ಉಳಸೇತಿ. ಈಗ ಬಾಯಿಗೆ ಏನೂ ಬರವಲ್ದು.”

“ಯಾವ ಕಾಗಿ? ನನಗ ಗೊತ್ತಿಲ್ದ?” ಎಂದಳು ನಮ್ಮವ್ವ.

“ನಿನ್ನ ಮಗನ್ನ ಕೇಳು. ಸುದ್ದಿ ತಂದಾಂವ ಅವನ. ಹೇಳೋ ತಮ್ಮಾ.”

ಎಲ್ಲರೂ ನನ್ನ ಕಡೆ ತಿರುಗಿದರು. ಬಾಗಿಲ ಬಳಿ ನಿಂತಿದ್ದ ಗುರುಗಳೂ ತಿರುಗಿದರು. ಹೌದೆಂದರೆ, ನಾನು ಧಾರವಾಡದಲ್ಲಿ ಓದಿದ್ದು ಇವಳದೇ ಅಳು, ಬದುಕಿದ್ದವನ ಹೆಸರಿನಲ್ಲಿ ಅಳಿಸಿ ಬರೆದುಕೊಂಡದ್ದು ಎಂದು ಅವರಿಗೆ ತಿಳಿಯುತ್ತಿತ್ತು. ಪದವಿ, ನೌಕರಿ — ಇದಿಷ್ಟೇ ನನ್ನ ತಲೆಗೆ ಬಂದದ್ದು. ಅಪ್ಪನ ಹೆಣ ಮುಂದಿತ್ತು.

“ಯಾವ ಕಾಗಿ, ಅತ್ತಿ?” ಎಂದೆ.

ಕಾಗೆ ಇರಲಿಲ್ಲ, ಆ ಮಟ್ಟಿಗೆ ನಾನು ಆಡಿದ್ದು ನಿಜ. ನನ್ನ ಜನ್ಮದಲ್ಲಿ ಅದಕ್ಕಿಂತ ಕೆಟ್ಟ ಸುಳ್ಳನ್ನು ನಾನು ಆಡಿಲ್ಲ.

ಅತ್ತೆ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ — ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಹಳೆಯದೊಂದು ದಿನವನ್ನು ಮೊದಲಿನಿಂದ ಮತ್ತೆ ನೋಡುತ್ತಿರುವವಳ ಹಾಗೆ... ಗೋಡೆಯ ಮರೆ, ನನ್ನ ಕೈ, ಪೆನ್ಸಿಲು. ಅವಳಿಗೆ ತಿಳಿಯಿತು. ಸೆರಗು ಹೊದ್ದು, ತಲೆಯ ಬಳಿಯಿಂದ ಎದ್ದು, ಗೋಡೆಯ ಬಳಿ ಹೋಗಿ ಕೂತಳು. “ಪಾಪ, ತಲಿ ಕೆಟ್ಟೈತಿ” ಎಂದು ಯಾರೋ ಅಂದರು. “ಅಣ್ಣಗ ಅಳಲಾರದ ಕಥಿ ಕಟ್ಯಾಳ” ಎಂದು ಇನ್ಯಾರೋ ಅಂದರು. ಎರಡೂ ನನಗೆ ಕೇಳಿದವು.

ಆಮೇಲೆ ಯಾವ ಸಾವಿನ ಮನೆಯಲ್ಲೂ ಅವಳಿಗೆ ಜಾಗ ಬಿಡಲಿಲ್ಲ. ಅವಳೂ ಹೋಗಲಿಲ್ಲ. ಅಳುವುದನ್ನೇ ಬಿಟ್ಟಳೆಂದು ಕೇಳಿದೆ. ನಾನು ಅವಳ ಊರಿನ ಕಡೆ ಕಾಲಿಡಲಿಲ್ಲ.

ಅವಳು ಸತ್ತಾಗ ಹೋಗಲೇಬೇಕಾಯಿತು. ಹೆಣಕ್ಕೆ ತವರಿನ ಸೀರೆ ಹೊದಿಸಬೇಕು. ತವರೆಂದು ಉಳಿದವನು ನಾನೊಬ್ಬನೇ. ಇಳಕಲ್ಲ ಸೀರೆ ಒಯ್ದೆ. ಹೊದಿಸುವಾಗ ಬಗ್ಗಿ ಅವಳ ಕಿವಿಯಲ್ಲಿ ಹೇಳಿದೆ: “ಕಾಗಿ ಇರಲಿಲ್ಲತ್ತಿ. ನೀ ಕಥಿ ಕಟ್ಟಿರಲಿಲ್ಲ.”

ನಮ್ಮ ಓಣಿಯಲ್ಲಿ ಇವತ್ತಿಗೂ ನೀಲವ್ವ ಅಂದರೆ ಒಡಹುಟ್ಟಿದವನಿಗೆ ಕಣ್ಣೀರು ಹಾಕದವಳು ಅಂತಲೇ ಹೆಸರು. ಅದಕ್ಕೇ ಇದನ್ನು ಬರೆದೆ, ಅವಳ ಮಕ್ಕಳಿಗೆ ಮೊದಲು ಕಳಿಸುತ್ತೇನೆ. ಅವರು ಏನು ಮಾಡುತ್ತಾರೋ ಮಾಡಲಿ. ಅಣ್ಣ ಸತ್ತನೆಂದು ನಂಬಿದಾಗ ಅತ್ತೆ ತನ್ನ ನಿಜವನ್ನು ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ನಾನು ನನ್ನದನ್ನು, ಅವಳು ಸತ್ತದ್ದು ಖಾತ್ರಿ ಮಾಡಿಕೊಂಡು, ಬದುಕಿದ್ದವರು ಯಾರಿಗೂ ಕೇಳದಂತೆ ಹೇಳಿದೆ.