ರಾಣಿ ಕಟ್ಟಿದ ನೊಣ

ಕುಡಿಯಲೆಂದು ಕೊಟ್ಟ ನೀರಿನ ಲೋಟದೊಳಕ್ಕೆ ಪುಕ್ಕ ಕಟ್ಟಿದ ಗಾಳ ಎಸೆದವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವನು ಪರಮೇಶ. ಊಟಿಯ ಗಾಳದ ಅಂಗಡಿಯೊಂದಕ್ಕೆ ಕೊಳ್ಳೇಗಾಲದಿಂದ ಸರಕು ಒಯ್ಯುವವನು. ಎಸೆದದ್ದು ನನ್ನ ತಂಗಿ ರಾಣಿ ಕಟ್ಟಿದ ನೊಣವನ್ನು.

ನೊಣ ಅಂದರೆ ನಿಜದ್ದಲ್ಲ. ಊಟಿ ಕಡೆಯ ತಣ್ಣನೆ ತೊರೆಗಳಲ್ಲಿ ಟ್ರೌಟ್ ಅಂತ ಮೀನಿದೆ. ಅದನ್ನು ಹಿಡಿಯುವ ಶೋಕಿಯವರು ಎರೆಹುಳು ಚುಚ್ಚುವುದಿಲ್ಲ. ಸಣ್ಣ ಗಾಳಕ್ಕೆ ರೇಷ್ಮೆ ಎಳೆ ಸುತ್ತಿ, ಮೇಲೆ ಗರಿಯ ರೆಕ್ಕೆ ಕೂರಿಸುತ್ತಾರೆ. ನೀರಲ್ಲಿ ಮುಳುಗುತ್ತಿರುವ ಹುಳ ಎಂದು ಮೀನು ಬಾಯಿ ಹಾಕಬೇಕು.

ರಾಣಿ ಚಿಕ್ಕ ವಯಸ್ಸಿನಿಂದ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸದವಳು. ಬಿಸಿನೀರಲ್ಲಿ ಆಡಿ ಆಡಿ ಬೆರಳ ತುದಿಯಲ್ಲಿ ಚರ್ಮವೇ ನಿಲ್ಲುತ್ತಿರಲಿಲ್ಲ; ಸಾರನ್ನ ಕಲಸಿದರೆ ಉರಿ. ಆ ಕೆಲಸ ಬಿಡಬೇಕೆಂಬುದೊಂದೇ ಅವಳ ಆಸೆ. ಅದಕ್ಕೇ ಪರಮೇಶ ತಂದುಕೊಡುವ ಗಾಳಗಳಿಗೆ ನೊಣ ಕಟ್ಟಲು ಕೈ ಹಾಕಿದ್ದಳು.

ನಮ್ಮದು ಮಗ್ಗದ ಮನೆ. ನೂಲಿಗೆ ಗಂಜಿ ಹಾಕಿ ಬಿಗಿ ಮಾಡಿಯೇ ಅಭ್ಯಾಸ. ಅವಳು ಗರಿಗೂ ಗಂಜಿ ಹಾಕಿದಳು. ಒಣಗಿದ ಮೇಲೆ ರೆಕ್ಕೆಗಳು ಸೆಟೆದು ನಿಂತು, ನೋಡಲು ಚೆಂದವೋ ಚೆಂದ.

"ನೋಡಕ್ಕ, ನೀರ್ಗೆ ಬಿದ್ರೂ ಮರದಲಗೆ ಇದ್ದಂಗದೆ," ಅಂದ ಪರಮೇಶ ಲೋಟ ತೋರಿಸಿ. "ಮೆತ್ತಗೆ ಅಲ್ಲಾಡ್ಬೇಕು. ಇದ್ನ ಮೀನು ಮೂಸೂ ನೋಡಲ್ಲ. ಇನ್ನೊಂದ್ಸಲ ಇಂಗೇ ಆದ್ರೆ ಸಾಮಾನೆಲ್ಲ ಬ್ಯಾರೆಯವ್ರಿಗೆ ಕೊಟ್ಬುಡ್ತೀನಿ."

"ಲೇ, ಅದು ಕುಡಿಯೋ ಲೋಟ ಕಣ್ಲಾ! ನಿಮ್ಮನೇಲೂ ಇಂಗೇನಾ ಮಾಡೋದು?" ನಾನು ಎದ್ದೇ ಬಿಟ್ಟೆ.

"ಸುಮ್ಕಿರಣ್ಣ," ಅಂದಳು ರಾಣಿ. ಅವಳ ಕಣ್ಣು ಲೋಟದೊಳಗಿನ ನೊಣದ ಮೇಲೇ ಇತ್ತು.

ಮಾರನೆಯ ದಿನವೇ ಯಳಂದೂರಿನ ಬಸ್ ಹತ್ತಿದಳು. ಅಲ್ಲಿ ಕೊಯ್ಲಾದ ಗದ್ದೆಗಳಲ್ಲಿ ಬಾತುಕೋಳಿ ಮೇಯಿಸುವ ಬೆಳ್ಳಮ್ಮನಿಂದ ಒಂದು ಚೀಲ ಗರಿ ತಂದಳು. ಗಂಜಿಯ ಮಾತೇ ಇಲ್ಲ. ಎಡರೆಕ್ಕೆಯ ಗರಿಯಿಂದ ಒಂದು ಸೀಳು, ಬಲರೆಕ್ಕೆಯದರಿಂದ ಒಂದು. ಜೋಡಿ ಸರಿಬರದಿದ್ದರೆ ನೊಣ ವಾಲುತ್ತದೆ. ಎರಡನ್ನೂ ಬೆರಳ ನಡುವೆ ಹಿಡಿದು, ಎಳೆಯನ್ನು ಮೊದಲು ಸಡಿಲವಾಗಿ ಸುತ್ತಿ, ಆಮೇಲೆ ಮೆಲ್ಲಗೆ ಬಿಗಿದಳು. ಅವಸರ ಮಾಡಿದರೆ ಗರಿ ಮಡಚಿಕೊಳ್ಳುತ್ತದೆ. ಮಡಚಿದ್ದೆಲ್ಲ ಬಿಚ್ಚಿ ಮತ್ತೆ ಕಟ್ಟಿದಳು. ನಾನಾಗಿದ್ದರೆ ಒಲೆಗೆ ಹಾಕುತ್ತಿದ್ದೆ. ಬಕೆಟ್ಟಿನ ನೀರಲ್ಲಿ ಎಳೆದು ನೋಡಿದಾಗ ರೆಕ್ಕೆ ಜೀವ ಬಂದ ಹಾಗೆ ಮಿಡುಕಿತು.

ಪರಮೇಶ ಅವನ್ನು ಊಟಿಗೆ ಒಯ್ದ. ಒಂದು ಭಾನುವಾರ ಬೆಳಗ್ಗೆ ಅವನ ವಿಡಿಯೋ ಕಾಲ್ ಬಂತು. ಫೋನಿನಲ್ಲಿ ತೊರೆ, ಬಿಲ್ಲಿನಂತೆ ಬಗ್ಗಿದ ಗಾಳದ ಕೋಲು, ಮೈಮೇಲೆ ಚುಕ್ಕಿ ಇದ್ದ ಮೀನು.

"ಅಕ್ಕಾ, ನಿನ್ ನೊಣನೇ ಕಣಕ್ಕಾ! ಬುಟ್ಟೇಟ್ಗೇ ನುಂಗ್ಬುಡ್ತು!"

ನಾನು ಕೂಗಿದ ಕೂಗಿಗೆ ಬೀದಿಯ ಮಗ್ಗಗಳೆಲ್ಲ ನಿಂತವು. ರಾಣಿ ಮಾತ್ರ ಕೂಗಲಿಲ್ಲ. ಆ ಫೋನಿಟ್ಟು, ನೂಲು ಬಿಚ್ಚುವ ಘಟಕದ ಮಾಲೀಕರಿಗೆ ಮಾಡಿದಳು: "ನಾಳಿಂದ ನಾನು ಬರಾಕಿಲ್ಲ ಸಾ." ಆಮೇಲೆ ನಕ್ಕಳು ನೋಡಿ, ಮದುವೆಯ ದಿನವೂ ಹಾಗೆ ನಕ್ಕಿರಲಿಲ್ಲ. ಊಟಿಯ ಆ ಅಂಗಡಿಯಲ್ಲಿ ಈಗ ಆ ನೊಣಕ್ಕೆ 'ಕೊಳ್ಳೇಗಾಲದ ರಾಣಿ' ಎಂದೇ ಹೆಸರು.

ಸುದ್ದಿ ತಿಳಿದು ಬೆಳ್ಳಮ್ಮ ಇನ್ನೊಂದು ಚೀಲ ಗರಿ ಹೊತ್ತು ಬಂದಳು. "ನನ್ ಬಾತುಕೋಳಿ ಗರಿ ನುಂಗಿದ್ ಮೀನು ಕಣವ್ವ. ಸಾರ್ನಲ್ಲಿ ನಂಗೊಂದ್ ಪಾಲು ಬರ್ಬೇಕು ತಾನೆ?"

"ಬತ್ತದೆ ಬೆಳ್ಳಕ್ಕ, ಕೊಟ್ಟೇ ಕೊಡ್ತೀನಿ," ಅಂದುಬಿಟ್ಟಳು ರಾಣಿ, ಆ ಖುಷಿಯಲ್ಲಿ. ಆ ಶೋಕಿಯವರು ಹಿಡಿದ ಮೀನನ್ನು ಫೋಟೋ ತೆಗೆದು ವಾಪಸ್ ನೀರಿಗೇ ಬಿಡುತ್ತಾರೆಂದು ನಮಗೇನು ಗೊತ್ತು? ಬೆಳ್ಳಮ್ಮನಿಗೆ ಕೆರೆಮೀನಿನ ಸಾರು ಇಕ್ಕಿದರೆ ಉಣ್ಣುತ್ತಾಳೆ, ಕೈ ತೊಳೆಯುತ್ತಾಳೆ, "ಇದು ಅದಲ್ಲ," ಅನ್ನುತ್ತಾಳೆ. ಬಾಕಿ ಹಾಗೇ ಇದೆ.