ಅಕ್ಕನ ಶಿರಾಜಿಗೆ ನಾನು ಬಿಟ್ಟ ನೀರು

ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ನಾಲಿಗೆ ಇರಲಿಲ್ಲವೇ ಎಂದರೆ, ಇತ್ತು. ಅದೇ ನಾಲಿಗೆಯಲ್ಲಿ ವರ್ಷ ವರ್ಷವೂ ಅಕ್ಕನ ತೋಟದ ವೈನು ಚಪ್ಪರಿಸಿ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಅವಳನ್ನು ಹೊಗಳಿಕೊಂಡು ಬಂದವನು ನಾನು. ಆ ಒಂದು ಮಾತನ್ನು ಮಾತ್ರ ನುಂಗಿಕೊಂಡೇ ಇದ್ದೆ.

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಸಾರಿಗೆ ಕರಿಮೆಣಸು ಕುಟ್ಟುತ್ತಿದ್ದಳು. ಜಗಲಿಯಲ್ಲಿ ಕೂತು ಚಪ್ಪಲಿಗೆ ಮೆತ್ತಿದ ಗದ್ದೆ ಮಣ್ಣು ಕೆರೆಯುತ್ತಿದ್ದ ನನ್ನ ಮೂಗಿಗೆ ಆ ಘಾಟು ಬಂದು ಬಡಿಯಿತು. ಮೆಣಸಿನ ಘಾಟಿಗೆ ನಿಮಗೆ ಸೀನು ಬಂದರೆ ನನಗೆ ಅಕ್ಕನ ತೋಟ ಕಣ್ಣಿಗೆ ಬರುತ್ತದೆ. ಅವಳು ಬೆಳೆಯುವ ಶಿರಾಜ್ ದ್ರಾಕ್ಷಿಯ ಕೆಂಪು ವೈನಿಗೆ ಥೇಟ್ ಇದೇ ವಾಸನೆ. ಅದಕ್ಕೆ ಯಾರೂ ಮೆಣಸು ಹಾಕಿರುವುದಿಲ್ಲ; ಆ ಹಣ್ಣಿನ ಗುಣವೇ ಹಾಗೆ. ಮೊದಲ ಸಲ ಕುಡಿದಾಗ ನಾನು ಲೋಟದ ತಳದಲ್ಲಿ ಕಾಳು ಹುಡುಕಿದ್ದೆ. ನಗಬೇಡಿ, ಏಳನೇ ಕ್ಲಾಸಿಗೆ ಪುಸ್ತಕ ಮುಚ್ಚಿದವನ ವಿಜ್ಞಾನ ಅಷ್ಟೇ.

ನಮ್ಮದು ಪಾಲಹಳ್ಳಿ. ಕನ್ನಂಬಾಡಿ ಕಟ್ಟೆಯ ಮಗ್ಗುಲಿಗೇ ಇರುವುದರಿಂದ ನಾಲೆ, ಗದ್ದೆ, ಕಬ್ಬು ನೋಡಿಕೊಂಡೇ ಬೆಳೆದವರು. ನೀರು ಎಂದರೆ ನಮಗೊಂದು ಜಂಬ. ಜಯಕ್ಕನನ್ನು ನಾಗಮಂಗಲದ ಕಡೆಗೆ ಕೊಟ್ಟಾಗ ಅವ್ವ ತಾಳಿಗೆ ಮೂರು ಗಂಟು ಬಿದ್ದಾಗ ಅಳಲಿಲ್ಲ, ಭಾವನ ಹೊಲ ನೋಡಿ ಅತ್ತಳು. ಕೆಂಪು ಗರಸು ಮಣ್ಣು, ಅಲ್ಲಲ್ಲಿ ಹುರುಳಿ, ಒಂದು ಬಡಕಲು ಕೊಳವೆಬಾವಿ. ಅಲ್ಲಿಗೆ ಹೋಗುವಾಗಲೆಲ್ಲ ನಾನು ಅಕ್ಕಿ, ಬೆಲ್ಲ ಹೊತ್ತುಕೊಂಡು ಹೋಗುತ್ತಿದ್ದೆ. ತವರಿನ ಪ್ರೀತಿಯೇ ಅದು, ಆದರೆ ನೀರಿರುವವನು ನೀರಿಲ್ಲದವರ ಮನೆಗೆ ಹೋಗುವ ಗತ್ತೂ ಅದರಲ್ಲಿ ಸೇರಿತ್ತು.

ಆ ಗರಸು ಮಣ್ಣನ್ನು ವೈನ್ ಕಂಪನಿಯವರೊಬ್ಬರು ಬಂದು ಕೈಯಲ್ಲಿ ಉಜ್ಜಿ ನೋಡಿ, ಶಿರಾಜಿಗೆ ಹೇಳಿ ಮಾಡಿಸಿದಂತಿದೆ ಎಂದರಂತೆ. ಅಕ್ಕ ಹೂಂ ಅಂದಳು. ಸುದ್ದಿ ಪಾಂಡವಪುರದ ನಮ್ಮ ಸೋದರಮಾವನ ಕಿವಿಗೆ ಬಿತ್ತು. ಒಂದು ಬೀಗರೂಟದಲ್ಲಿ, ಎಲೆ ಮುಂದೆ ಕೂತವರೆಲ್ಲ ಕೇಳುವ ಹಾಗೆ ಶುರುಮಾಡಿದ.

"ಏನವ್ವಾ ಜಯಾ, ಹೆಂಡದಂಗಡಿ ಮಡಗ್ತೀಯಂತೆ?"

"ನಾನು ಅಣ್ಣು ಬೆಳೀತೀನಿ ಕಣ್ ಮಾವ. ಅಂಗಡಿ ದಾರಿ ನಿಂಗೇ ಚೆನ್ನಾಗ್ ಗೊತ್ತಲ್ಲ, ಮ್ವಾರೀಲಿ ಬಿದ್ದಿರ್ತೀಯಲ್ಲ, ಅದೇನು ನಮ್ಮ್ ಅಣ್ಣು ತಿಂದಾ?"

ಎಲೆಯ ಮುಂದೆ ಕೂತವರು ಮುದ್ದೆ ನುಂಗಲಾರದೆ ನಕ್ಕರು. ನಾನೂ ನಕ್ಕೆ. ನಮ್ಮಕ್ಕ ಹಾಗೆ.

ಶಿರಾಜಿನ ಜಾತಕವನ್ನೂ ಅವಳೇ ನನಗೆ ಹೇಳಿದ್ದು. ಪರ್ಷಿಯಾ ದೇಶದಲ್ಲಿ ಆ ಹೆಸರಿನ ಊರಿದೆ. ದ್ರಾಕ್ಷಿ ಅಲ್ಲಿಂದಲೇ ಬಂತೆಂದು ಬಹಳ ದಿನ ಜನ ನಂಬಿದ್ದರಂತೆ. ಆಮೇಲೆ ಬಲ್ಲವರು ಪರೀಕ್ಷೆ ಮಾಡಿ ನೋಡಿದರೆ ಹುಟ್ಟಿದ್ದು ಫ್ರಾನ್ಸಿನಲ್ಲಿ. ಅಪ್ಪ ಅವ್ವ ಅಲ್ಲಿನವೇ ಎರಡು ತಳಿ, ಒಂದು ಕರಿದು, ಒಂದು ಬಿಳಿದು. ಹೊರಗಿನವರು ಅವುಗಳ ಹೆಸರನ್ನೂ ಕೇಳಿರಲಿಲ್ಲ. ಫ್ರಾನ್ಸಿನವರು ಇದನ್ನು ಸಿರಾ ಅನ್ನುತ್ತಾರೆ. ಆಸ್ಟ್ರೇಲಿಯಾಕ್ಕೆ ಹೋಗಿ ಶಿರಾಜ್ ಆಯಿತು, ಆ ಹೆಸರಲ್ಲೇ ನಮ್ಮ ಕಡೆಗೂ ಬಂತು. "ನನ್ನಂಗೇ ಕಣ್ಲಾ," ಅಂದಿದ್ದಳು ಅಕ್ಕ. "ಇಲ್ಲಿಗ್ ಬಂದು ಇಷ್ಟ್ ವರ್ಸಾತು, ಇನ್ನೂವೆ ಪಾಲಳ್ಳಿಯೋಳು ಅಂತಾರೆ. ಬೇರು ಬುಟ್ಟಿರೋದೇನೋ ಇಲ್ಲೇ."

ಈಗ ನನ್ನ ಮಾತಿಗೆ ಬರುತ್ತೇನೆ. ಸುತ್ತಿ ಬಳಸಿದ್ದು ನಿಮಗೆ ಗೊತ್ತಾಗಿರಬೇಕು.

ಅವಳ ಮೊದಲ ಬೆಳೆ. ಶಿವರಾತ್ರಿಯ ಆಸುಪಾಸು, ಗೊಂಚಲು ಕಪ್ಪಾಗಿ ಕೊಯ್ಲು ಹತ್ತಿರ ಬಂದಿತ್ತು. ಅಷ್ಟರಲ್ಲಿ ಭಾವನಿಗೆ ಮೈಸೂರಿನಲ್ಲಿ ಆಪರೇಶನ್. ತೋಟ ಕಾಯಲು ನನ್ನನ್ನು ಕರೆಸಿದಳು. ಬ್ಯಾಗು ಹೆಗಲಿಗೆ ಹಾಕಿಕೊಂಡು ಹೇಳಿದಳು: "ಗಿಣಿ ಬತ್ತವೆ, ತಮಟೆ ಬಡೀತಿರು. ನೀರ್ ಮಾತ್ರ ಮುಟ್ಬ್ಯಾಡ ಕಣ್ಲಾ. ಅಣ್ಣು ಸೀ ಕಟ್ಕೊಳ್ಳೋ ಒತ್ತು. ಬಳ್ಳಿ ವಸಿ ಬಾಯಾರ್ಲಿ."

ಬಾಯಾರಲಿ! ನಾಲೆ ಬಯಲಿನವನಿಗೆ ಹೇಳುವ ಮಾತೇ ಅದು? ಮಧ್ಯಾಹ್ನದ ಬಿಸಿಲಿಗೆ ಎಲೆಗಳು ಜೋತು ಬೀಳುತ್ತಿದ್ದವು. ಹಣ್ಣು ಕಡಲೆಗಿಂತ ಸ್ವಲ್ಪ ದಪ್ಪ, ಅಷ್ಟೇ. ನಮ್ಮಲ್ಲಿ ಗದ್ದೆ ಒಣಗಲು ಬಿಟ್ಟವನನ್ನು ಸೋಮಾರಿ ಎಂದು ಕರೆಯುತ್ತಾರೆ. ನೀರು ಕಟ್ಟುವವನೇ ಮನೆ ಮಗ. ಒಂದು ದಿನ ತಡೆದುಕೊಂಡೆ. ಮಾರನೆಯ ದಿನ ಆಗಲಿಲ್ಲ. ಹೋಗಿ ಹನಿ ನೀರಾವರಿಯ ವಾಲ್ವು ತಿರುಗಿಸಿದೆ. ಬಳ್ಳಿಗಳ ಬುಡದಲ್ಲಿ ತೊಟ್ಟಿಕ್ಕುವ ಸದ್ದು ಕೇಳಿ ಎದೆ ತಣ್ಣಗಾಯಿತು. ಅದರ ಮಾರನೆಯ ದಿನವೂ ಬಿಟ್ಟೆ. ಹಣ್ಣುಗಳು ಊದಿಕೊಂಡು ಮಿರಮಿರ ಮಿಂಚತೊಡಗಿದವು. ಅಕ್ಕ ಬಂದು "ನೀನಿಲ್ದಿದ್ರೆ ತೋಟ ಓಯ್ತಿತ್ತು ಕಣ್ಲಾ" ಅನ್ನುತ್ತಾಳೆಂದು ಮೀಸೆ ಸವರಿಕೊಂಡೆ.

ಅವಳು ಬರುವ ಹೊತ್ತಿಗೆ ಹಲವು ಹಣ್ಣು ಸಿಪ್ಪೆ ಬಿರಿದು ನೊಣ ಕೂತಿತ್ತು. ಕಂಪನಿಯವರು ಬಂದು ರಸದ ಹನಿಯೊಂದನ್ನು ಸಣ್ಣ ದುರ್ಬೀನಿನಂಥ ಕೊಳವೆಗೆ ಹಾಕಿ, ಬಿಸಿಲಿಗೆ ಹಿಡಿದು ನೋಡಿದರು. "ಸಿಹಿ ಇಳಿದುಹೋಗಿದೆಯಲ್ಲಮ್ಮ, ಬರೀ ನೀರು," ಎಂದು ಹೊರಟುಹೋದರು. ತಿನ್ನಲೂ ಬಾರದ, ಬೀಜ ತುಂಬಿದ ಹಣ್ಣು. ಮಂಕರಿ ಮಂಕರಿ ತುಂಬಿ ಹಸುಗಳ ಮುಂದೆ ಸುರಿದಳು. ಆಮೇಲೆ ಹೋಗಿ ವಾಲ್ವಿನ ಮುಂದೆ ಕೂತಳು. ಅದನ್ನು ನಾನು ಮತ್ತೆ ತಿರುಗಿಸಿ ಮುಚ್ಚಿದ್ದೆ. ಕೆಳಗಿನ ಮಣ್ಣು ಮಾತ್ರ ಇನ್ನೂ ಒದ್ದೆಯಿತ್ತು.

"ಆಸ್ಪತ್ರೆ ಗಾಬ್ರೀಲಿ ನಾನೇ ಬಿಗಿಯಾಗ್ ತಿರುಗಿಸ್ನಿಲ್ಲ ಅಂತ ಕಾಣ್ತದೆ ಕಣ್ಲಾ. ಸೋರ್ಬುಟ್ಟದೆ," ಅಂದಳು.

"ಇರಬೌದು ಬುಡಕ್ಕ," ಅಂದೆ.

ನೋಡಿ, ಇಷ್ಟೇ. ನೀರು ಬಿಟ್ಟದ್ದು ದಡ್ಡತನ, ಅದಕ್ಕೆ ಕ್ಷಮೆ ಉಂಟು. ಆ "ಇರಬೌದು" ಇದೆಯಲ್ಲ, ಅದಕ್ಕೆ ಹೆಸರಿಡಲು ನನಗೆ ಇವತ್ತಿಗೂ ಧೈರ್ಯ ಸಾಲದು.

ಅಕ್ಕ ಬಿದ್ದಲ್ಲಿಂದ ಎದ್ದಳು. ಮುಂದಿನ ಬೆಳೆಗೆ ಅದೇ ಕಂಪನಿಯವರು ಕಣ್ಣಿಂದ ಆ ಕೊಳವೆ ಇಳಿಸದೆ ಎರಡೆರಡು ಸಲ ಸಿಹಿ ನೋಡಿ, ಹಣ್ಣೆಲ್ಲ ಕೊಂಡರು. ವೈನಾಗಿ ಬಂದ ಮೊದಲ ಬಾಟಲಿಯನ್ನು ಅವಳು ನಮ್ಮ ಮುಂದೆಯೇ ತೆರೆದಳು. ನಾನು ಸ್ಟೀಲ್ ಲೋಟದಲ್ಲಿ ಇಸಕೊಂಡು ಒಂದೇ ಗುಟುಕಿಗೆ ಎತ್ತಿದೆ. "ಲೇ, ಮಜ್ಜಿಗೆಯಲ್ಲ ಕಣ್ಲಾ ಅದು! ಮೂಗ್ ಮಡಗು ಮೊದ್ಲು," ಎಂದು ತಲೆಗೆ ಮೊಟಕಿದಳು. ಎರಡನೇ ಸಲ ಮೂಗಿಟ್ಟೆ. ಮೊದಲು ಮೆಣಸು, ಅದರ ಹಿಂದೆ ಮಾಗಿದ ನೇರಳೆ ಹಣ್ಣು, ಎಲ್ಲೋ ದೂರದಲ್ಲಿ ಆಲೆಮನೆಯ ಹೊಗೆ. ಬಾಯಲ್ಲಿ ನೇರಳೆಯ ಒಗರೇ ನಾಲಿಗೆಯನ್ನು ಹಿಡಿದುಕೊಂಡಿತು. ಸಿಹಿ ಇರುತ್ತದೆಂದು ಕಾದಿದ್ದ ನನಗೆ ಮೊದಲು ನಿರಾಸೆ. ನಾಟಿಕೋಳಿ ಸಾರಿನಲ್ಲಿ ಅದ್ದಿದ ಮುದ್ದೆ ನುಂಗಿ ಇನ್ನೊಂದು ಗುಟುಕು ಕುಡಿದ ಮೇಲೆ ಗೊತ್ತಾಯಿತು ಅದರ ಮಜಾ. ಖಾರಕ್ಕೆ ಅದು ಹೆದರುವುದಿಲ್ಲ, ಜೊತೆಗೆ ಕೂರುತ್ತದೆ. ನಾವು ಅಯ್ಯೋ ಪಾಪ ಅಂದಿದ್ದ ಮಣ್ಣಿನಿಂದ ಇಂಥದ್ದು ಬಂತಲ್ಲ ಎಂದು ಮೈ ಜುಂ ಎಂದಿತು. ಮಾವನೂ ಈಗ ಪಾಂಡವಪುರದಲ್ಲಿ "ನಮ್ಮ್ ಜಯನ ವೈನು" ಎಂದೇ ಎದೆ ತಟ್ಟುತ್ತಾನೆ.

ಇವತ್ತು ಮಧ್ಯಾಹ್ನ ಅವಳ ತೋಟದಲ್ಲಿ ಹತ್ತಾರು ಜನ ಸೇರಿದ್ದರು. ಕೆ.ಆರ್. ಪೇಟೆ, ಪಾಂಡವಪುರದ ಕಡೆಯ ರೈತರು, ಶಿರಾಜ್ ಹಾಕಬೇಕೆಂದು ಕೇಳಿ ತಿಳಿಯಲು ಬಂದವರು. ನಾನು ಕುರ್ಚಿ ಹಾಕಿ ಲೋಟ ತೊಳೆದಿಟ್ಟೆ. ಅಕ್ಕ ಬಳ್ಳಿ ಸಾಲಿನ ಮುಂದೆ ನಿಂತು ಮೇಷ್ಟರ ಹಾಗೆ ಹೇಳುತ್ತಿದ್ದರೆ ನನ್ನ ಎದೆ ಇಷ್ಟಗಲವಾಗಿತ್ತು. ನೀರಿನ ವಿಷಯ ಬಂತು.

"ಕೊಯ್ಲಿನ್ ಮುಂಚೆ ನೀರು ನಿಲ್ಲಿಸ್ಬೇಕು. ನನ್ನಂಗೆ ಮೈಮರೀಬ್ಯಾಡಿ. ನನ್ನ್ ಮೊದ್ಲ್ ಬೆಳೆ ನನ್ನ ಅಜಾಗರೂಕತೆಗೇ ಓಯ್ತು. ವಾಲ್ವು ಸರಿಯಾಗ್ ಮುಚ್ಚಿರ್ನಿಲ್ಲ," ಅಂದಳು.

ಮಾಕವಳ್ಳಿ ಕಡೆಯ ಕಬ್ಬಿನ ಗೌಡರೊಬ್ಬರು ಹಿಂದಿನಿಂದ ಹೇಳಿದರು, "ಎಂಗುಸ್ರ್ ಕೈಗೆ ವಾಲ್ವು ಕೊಟ್ರೆ ಇನ್ನೇನಾದದು ಬುಡವ್ವ."

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಮಾವನಿಗೆ ಬೀಗರೂಟದಲ್ಲಿ ಉತ್ತರ ಕೊಟ್ಟವಳು ಇಲ್ಲಿ ತಲೆ ತಗ್ಗಿಸಿ ನಕ್ಕಳು. ತಪ್ಪು ತನ್ನದೇ ಎಂದು ನಂಬಿದ್ದಳಲ್ಲ. ಆ ನಗು ನನ್ನಿಂದ ನೋಡಲಾಗಲಿಲ್ಲ. ಲೋಟ ಕೆಳಗಿಟ್ಟು ಜನರ ನಡುವೆ ಹೋಗಿ ನಿಂತೆ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

"ಅಕ್ಕ, ನೀನು ವಾಲ್ವ್ ಸರಿಯಾಗೇ ಮುಚ್ಚಿದ್ದೆ. ತೆಗ್ದೋನು ನಾನು. ಬ್ಯಾಡ ಅಂದಿದ್ರೂ ಎರಡ್ ದಿನ ನೀರ್ ಬುಟ್ಟೆ, ಆಮೇಲೆ ತಪ್ಪೆಲ್ಲ ನಿನ್ ಮ್ಯಾಲ್ ಬಂದ್ರೂ ಬಾಯ್ ಮುಚ್ಕೊಂಡು ಕೂತ್ಕೊಂಡೆ. ಈ ತೋಟದಲ್ಲಿ ನಿನ್ನ್ ಕೈಯಿಂದ ಒಂದೂ ಕೆಟ್ಟಿಲ್ಲ. ತಪ್ಪಾಯ್ತು ಕಣಕ್ಕ, ನನ್ನ ಕ್ಷಮಿಸ್ಬುಡು."